ಮನೆಯಲ್ಲಿ ಬಳಸಿದ ಸೂಜಿ, ಸಿರಿಂಜ್: ನಿಯಮ ಏನು ಹೇಳುತ್ತದೆ, ಡಬ್ಬಿ ಎಂಥದ್ದಿರಬೇಕು, ಯಾರ ಕೈಗೆ ಕೊಡಬೇಕು?

ಹೊಂಗೆಮರ

ವಸತಿ ಸಂಘದ ಸೂಚನಾಫಲಕಕ್ಕೆ ಒಂದು ಪುಟದ ಸೂಚನೆ ಬರೆಯಬೇಕಾಗಿದೆ. ಇನ್ಸುಲಿನ್ ಸಿರಿಂಜ್, ಪೆನ್ ಸೂಜಿ, ಸಕ್ಕರೆ ಪರೀಕ್ಷೆಯ ಲ್ಯಾನ್ಸೆಟ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಎಲ್ಲವೂ ಈಗ ಮನೆಯಲ್ಲೇ ನಡೆಯುತ್ತವೆ. ಬಳಸಿದ್ದನ್ನು ಎಲ್ಲಿ ಹಾಕಬೇಕು ಎಂದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ಪ್ಲಾಸ್ಟಿಕ್ ಆದ್ದರಿಂದ ಒಣ ಕಸಕ್ಕೆ ಅಂತ ಕೆಲವರು, ಸ್ಯಾನಿಟರಿ ಪ್ಯಾಡ್ ಜೊತೆಗೆ ಅಂತ ಕೆಲವರು. ಆಸ್ಪತ್ರೆ ಕಸದ ನಿಯಮ ಮನೆಗೆ ಅನ್ವಯಿಸುವುದೇ ಇಲ್ಲ ಎಂದು ವಾದಿಸುವವರೂ ಇದ್ದಾರೆ. ನಿಯಮದ ಪಠ್ಯ ಓದಿದವರು, ಕಸ ವಿಂಗಡಣೆಯ ಕೆಲಸ ಬಲ್ಲವರು, ಶುಶ್ರೂಷೆಯಲ್ಲಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಡತಪಾಲ

ಭಾರತದ ಮಟ್ಟಿಗೆ ಎರಡು ನಿಯಮಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಎರಡೂ ಪರಿಸರ ಸಂರಕ್ಷಣಾ ಕಾಯ್ದೆ, 1986ರ ಅಡಿಯಲ್ಲಿ ಬಂದವು.

ಮೊದಲನೆಯದು ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016. ಇದರ ಬಹುಪಾಲು ಹೊಣೆ ‘ಆಕ್ಯುಪೈಯರ್’ ಮೇಲಿದೆ, ಅಂದರೆ ಆಸ್ಪತ್ರೆ, ಕ್ಲಿನಿಕ್, ಪ್ರಯೋಗಾಲಯ, ಪಶು ಚಿಕಿತ್ಸಾಲಯ ಇಂಥವುಗಳ ಆಡಳಿತ ಯಾರ ಕೈಯಲ್ಲಿದೆಯೋ ಅವರ ಮೇಲೆ. ಮನೆಯವರು ಆ ಅರ್ಥದಲ್ಲಿ ಆಕ್ಯುಪೈಯರ್ ಅಲ್ಲ. ಅಷ್ಟಕ್ಕೇ ‘ಮನೆಗೆ ಅನ್ವಯಿಸುವುದಿಲ್ಲ’ ಅನ್ನುವುದು ತಪ್ಪು. ಒಂದನೇ ಶೆಡ್ಯೂಲಿನ ಎರಡನೇ ಭಾಗದಲ್ಲಿ ಮನೆಯ ಬಗ್ಗೆಯೇ ಒಂದು ಅಂಶವಿದೆ. ಆರೈಕೆಯ ವೇಳೆ ಮನೆಯಲ್ಲಿ ಹುಟ್ಟುವ ಜೈವಿಕ ವೈದ್ಯಕೀಯ ತ್ಯಾಜ್ಯವನ್ನು ಈ ನಿಯಮದಂತೆ ವಿಂಗಡಿಸಿ, ಪ್ರತ್ಯೇಕ ಚೀಲ ಅಥವಾ ಡಬ್ಬಿಯಲ್ಲಿ ಪೌರ ಸಂಸ್ಥೆಯ ಕಸ ಸಂಗ್ರಹಕಾರರಿಗೆ ಒಪ್ಪಿಸಬೇಕು. ನಗರ ಸ್ಥಳೀಯ ಸಂಸ್ಥೆ ಜೈವಿಕ ವೈದ್ಯಕೀಯ ತ್ಯಾಜ್ಯದ ಸಾಮೂಹಿಕ ಸಂಸ್ಕರಣಾ ಘಟಕದ ಜೊತೆ ಒಪ್ಪಂದ ಮಾಡಿಕೊಂಡು, ವಿಂಗಡಣಾ ಕೇಂದ್ರದಿಂದಲೋ ನೇರವಾಗಿ ಮನೆಯಿಂದಲೋ ಅದನ್ನು ಎತ್ತಿಸಬೇಕು. ಒಂದೇ ಅಂಶದಲ್ಲಿ ಮನೆಯ ಕರ್ತವ್ಯ, ಪಾಲಿಕೆಯ ಕರ್ತವ್ಯ ಎರಡೂ ಇವೆ.

ಎರಡನೆಯದು ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016. ‘ಗೃಹ ಅಪಾಯಕಾರಿ ತ್ಯಾಜ್ಯ’ದ ವ್ಯಾಖ್ಯೆಯಲ್ಲಿ ಬಳಸಿದ ಸೂಜಿ ಮತ್ತು ಸಿರಿಂಜ್ ಎಂದು ಹೆಸರು ಹೇಳಿಯೇ ಸೇರಿಸಿದ್ದರು. ಹಸಿ, ಒಣ, ಗೃಹ ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸುವುದು ಪ್ರತಿ ಮನೆಯ ಹೊಣೆಯಾಗಿತ್ತು. ಪ್ರತಿ 20 ಚದರ ಕಿಲೋಮೀಟರಿಗೆ ಅಥವಾ ಅದರ ಭಾಗಕ್ಕೆ ಒಂದರಂತೆ ಇಂಥ ಕಸವನ್ನು ತಂದುಕೊಡುವ ಕೇಂದ್ರ ತೆರೆದು, ಅದರ ವೇಳೆಯನ್ನು ಪ್ರಕಟಿಸುವುದು ಸ್ಥಳೀಯ ಸಂಸ್ಥೆಯ ಹೊಣೆಯಾಗಿತ್ತು. ಇದರ ಜಾಗಕ್ಕೆ ಬಂದಿರುವ 2026ರ ನಿಯಮಗಳು ಏಪ್ರಿಲ್ 1ರಿಂದ ಹಸಿ, ಒಣ, ಸ್ಯಾನಿಟರಿ, ವಿಶೇಷ ಆರೈಕೆಯ ಕಸ ಎಂದು ನಾಲ್ಕು ಭಾಗ ಮಾಡಿವೆ. ಔಷಧಿ, ಬಲ್ಬ್, ಪಾದರಸದ ಥರ್ಮಾಮೀಟರು ಹೋಗುವುದು ನಾಲ್ಕನೆಯದಕ್ಕೆ. ಅದನ್ನು ಅಧಿಕೃತ ಸಂಸ್ಥೆಗೋ ನಿಗದಿತ ಕೇಂದ್ರಕ್ಕೋ ಕೊಡಬೇಕು. ಸೂಚನೆಯಲ್ಲಿ ಹಳೆಯ ಮೂರರ ವಿಂಗಡಣೆ ಬರೆಯಬೇಡಿ.

ಒಣ ಕಸ ಅನ್ನುವವರಿಗೂ ಸ್ಯಾನಿಟರಿ ಅನ್ನುವವರಿಗೂ ಉತ್ತರ ಒಂದೇ, ಎರಡಕ್ಕೂ ಬೇಡ.

ಗೇಟ್‌ನಂ3

ಆಸ್ಪತ್ರೆ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದು ನಿಯಮವಿದೆಯಲ್ಲ? ಹಾಗಾದರೆ ಮನೆಯಲ್ಲಿ ಡಬ್ಬಿ ತುಂಬುವವರೆಗೆ ಕಾಯುವುದೇ ತಪ್ಪಾಗುತ್ತದೆ.

ಕಡತಪಾಲ

ಆ 48 ಗಂಟೆ ಅಂಗಾಂಶದ ಭಾಗ, ರಕ್ತ ಮೆತ್ತಿದ ಬಟ್ಟೆ-ಹತ್ತಿಯಂಥ ಸಂಸ್ಕರಿಸದ ಕಸಕ್ಕೆ. ಅವು ಕೊಳೆಯುತ್ತವೆ, ಆದ್ದರಿಂದ ಕಾಲಮಿತಿ. ಸೂಜಿ ಕೊಳೆಯುವುದಿಲ್ಲ, ಚುಚ್ಚುತ್ತದೆ. ಅದಕ್ಕೇ ನಿಯಮ ಅಲ್ಲಿ ಒತ್ತು ಕೊಡುವುದು ಡಬ್ಬಿಯ ಗುಣಕ್ಕೆ: ಚುಚ್ಚಿದರೆ ತೂತಾಗಬಾರದು, ಸೋರಬಾರದು, ಒಮ್ಮೆ ಮುಚ್ಚಿದರೆ ಬಿಚ್ಚಿ ಕೈ ಹಾಕುವಂತಿರಬಾರದು. ಆಸ್ಪತ್ರೆ ಕಸವನ್ನು ಬಣ್ಣದಿಂದ ಗುರುತಿಸುವ ವಿಂಗಡಣೆಯಲ್ಲಿ ಇದು ಬಿಳಿ ಅರೆಪಾರದರ್ಶಕ ವರ್ಗ. ಆಟೋಕ್ಲೇವ್ (ಒತ್ತಡದ ಹಬೆ ಯಂತ್ರ) ಅಥವಾ ಒಣ ಶಾಖದಲ್ಲಿ ಕ್ರಿಮಿಶುದ್ಧಿ ಮಾಡಿ, ಆಮೇಲೆ ಪುಡಿ ಮಾಡುತ್ತಾರೆ, ಇಲ್ಲವೇ ಲೋಹದ ಡಬ್ಬಿಯಲ್ಲೋ ಸಿಮೆಂಟಿನಲ್ಲೋ ಹುದುಗಿಸುತ್ತಾರೆ.

ಮನೆಯಲ್ಲಿ ತಿಂಗಳುಗಟ್ಟಲೆ ಒಂದೇ ಡಬ್ಬಿ ತುಂಬಿಸುತ್ತ ಹೋಗಬಹುದು. ಹತ್ತಿ, ಬ್ಯಾಂಡೇಜನ್ನು ಮಾತ್ರ ಅದರೊಳಗೆ ತುರುಕಬೇಡಿ. ಜಾಗವೂ ಹಾಳು, ವಾಸನೆಯೂ ಶುರು.

ಬಿಳಿಗೌನು

ಡಬ್ಬಿಯ ವಿಷಯ ನಾನು ಬರೆಯುತ್ತೇನೆ, ಎಡವಟ್ಟುಗಳು ಹೆಚ್ಚಾಗಿ ಆಗುವುದು ಇಲ್ಲೇ.

ಔಷಧಿ ಅಂಗಡಿಯಲ್ಲಿ ಶಾರ್ಪ್ಸ್ ಡಬ್ಬಿ, ಅಂದರೆ ಸೂಜಿಯಂಥ ಚೂಪು ವಸ್ತು ಹಾಕಲೆಂದೇ ಮಾಡಿದ ಡಬ್ಬಿ, ಸಿಕ್ಕರೆ ಅದೇ ಸರಿ. ಸಿಗದಿದ್ದರೆ ಬಟ್ಟೆ ತೊಳೆಯುವ ದ್ರಾವಣ ಬರುವ ದಪ್ಪ, ಅಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ತಿರುಪು ಮುಚ್ಚಳ ಬಿಗಿಯಾಗಿ ಕೂರಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮನೆಯ ಡಬ್ಬಿಗೆ ಹೇಳುವ ಗುಣಗಳೂ ಇವೇ: ಗಟ್ಟಿ ಪ್ಲಾಸ್ಟಿಕ್, ಸೂಜಿ ತೂರಿ ಬಾರದ ಬಿಗಿ ಮುಚ್ಚಳ, ಇಟ್ಟಲ್ಲಿ ನೆಟ್ಟಗೆ ನಿಲ್ಲುವ ತಳ, ಸೋರದಿರುವುದು, ಮೇಲೆ ಸ್ಪಷ್ಟ ಚೀಟಿ.

ಕುಡಿಯುವ ನೀರಿನ ಬಾಟಲಿ ಬೇಡ. ಕೈಯಲ್ಲಿ ಒತ್ತಿ ನೋಡಿ, ಒಳಕ್ಕೆ ಹೋಗುತ್ತದೆ. ಕೈಗೇ ಬಗ್ಗುವ ಗೋಡೆ ಸೂಜಿಗೆ ಅಡ್ಡಿಯಾಗುವುದಿಲ್ಲ. ಗಾಜಿನ ಸೀಸೆ ಬಿದ್ದರೆ ಒಡೆದು, ಸೂಜಿಯ ಜೊತೆ ಗಾಜೂ ಸೇರುತ್ತದೆ. ತಂಪು ಪಾನೀಯದ ಕ್ಯಾನ್ ಮೆತುವು, ಬಾಯಿ ಮುಚ್ಚಲೂ ಬರುವುದಿಲ್ಲ. ಹಾಲಿನ ಕವರ್, ರಟ್ಟಿನ ಪೆಟ್ಟಿಗೆಯ ಮಾತೇ ಬೇಡ.

ಚೀಟಿಯನ್ನು ಖಾಲಿ ಇರುವಾಗಲೇ ಅಂಟಿಸಿ: “ಬಳಸಿದ ಸೂಜಿ. ತೆರೆಯಬೇಡಿ. ಮರುಬಳಕೆಗೆ ಅಲ್ಲ.” ಓದಲು ಬಾರದವರಿಗೆ ತಿಳಿಯುವಂತೆ ಸೂಜಿಯ ಚಿತ್ರವನ್ನೂ ಬಿಡಿಸಿ. ಹೊರಗಿನ ಮೂಲ ಲೇಬಲ್ ಕಿತ್ತುಹಾಕಿ, ಇಲ್ಲದಿದ್ದರೆ ಗುಜರಿಗೆ ಆಯುವವರ ಕಣ್ಣಿಗೆ ಅದು ಒಳ್ಳೆಯ ಡಬ್ಬಿಯಾಗಿಯೇ ಕಾಣುತ್ತದೆ. ಮುಕ್ಕಾಲು ತುಂಬಿದಾಗ ನಿಲ್ಲಿಸಿ, ಮುಚ್ಚಳ ಬಿಗಿದು, ಅದರ ಸುತ್ತ ಅಗಲದ ಟೇಪನ್ನು ಎರಡು ಮೂರು ಸುತ್ತು ಎಳೆದು ಅಂಟಿಸಿ. ಮುಕ್ಕಾಲು ಯಾಕೆಂದರೆ, ಬಾಯಿವರೆಗೆ ತುಂಬಿದ ಡಬ್ಬಿಗೆ ಇನ್ನೊಂದನ್ನು ಹಾಕಲು ಬೆರಳಿನಿಂದ ಒತ್ತುತ್ತೇವೆ, ಒಳಗಿನ ಸೂಜಿ ಮೇಲ್ಮುಖವಾಗಿದ್ದರೆ ಆ ಬೆರಳಿಗೇ ಚುಚ್ಚುತ್ತದೆ.

ಇನ್ನೊಂದು: ಡಬ್ಬಿ ಇಂಜೆಕ್ಷನ್ ಕೊಡುವ ಜಾಗದ ಪಕ್ಕದಲ್ಲೇ ಇರಬೇಕು, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ಬೇರೆ ಕೋಣೆಯಲ್ಲಿದ್ದರೆ ಸೂಜಿಯನ್ನು ‘ಸದ್ಯಕ್ಕೆ’ ಮೇಜಿನ ಮೇಲಿಡುತ್ತಾರೆ. ಆ ‘ಸದ್ಯಕ್ಕೆ’ ಇಟ್ಟ ಸೂಜಿ ಹಾಸಿಗೆಯೊಳಗೆ, ಕಸದ ಮೊರದೊಳಗೆ ಸಿಗುತ್ತದೆ.

ಹೊಂಗೆಮರ

ಪೆನ್ ಸೂಜಿಗೆ ದೊಡ್ಡ ಹೊರ ಮುಚ್ಚಳ ಇದೆಯಲ್ಲ, ಅದನ್ನು ಹಾಕಿದ ಮೇಲೆ ಹಾಗೇ ಕಸಕ್ಕೆ ಹಾಕಿದರೆ ಏನಾಗುತ್ತದೆ ಎಂದು ಒಬ್ಬರು ಕೇಳಿದ್ದಾರೆ. ನೋಡಲು ಸುರಕ್ಷಿತವಾಗಿಯೇ ಇದೆ.

ಬಿಳಿಗೌನು

ಒಂದು ಪೆನ್ ಸೂಜಿಯನ್ನು ತಿರುಗಿಸಿ ಹಿಂಭಾಗ ನೋಡಲು ಹೇಳಿ. ಪೆನ್ನಿಗೆ ತಿರುಪುವ ತೊಟ್ಟಿನ ನಡುವೆ ಇನ್ನೊಂದು ಮೊನೆ ನಿಂತಿರುತ್ತದೆ. ಕಾರ್ಟ್ರಿಜ್ಜಿನ ರಬ್ಬರನ್ನು ಚುಚ್ಚಿ ಔಷಧಿ ಎಳೆಯುವುದು ಆ ಮೊನೆಯೇ. ಹೊರ ಮುಚ್ಚಳ ಮುಚ್ಚುವುದು ಮುಂದಿನ ಮೊನೆಯನ್ನು ಮಾತ್ರ. ಹಿಂದಿನದು ತೊಟ್ಟಿನ ಗುಳಿಯೊಳಗಿದ್ದರೂ ಬಾಯಿ ತೆರೆದೇ ಇರುತ್ತದೆ. ಚೀಲದ ಮೇಲೆ ಭಾರ ಬಿದ್ದರೆ ತೊಟ್ಟು ಮುಚ್ಚಳದಿಂದ ಜಾರಿ ಬರುವುದೂ ಉಂಟು. ಮುಚ್ಚಳ ಹಾಕಿದ್ದರೂ ಹೋಗಬೇಕಾದ್ದು ಡಬ್ಬಿಗೇ.

ತೆಗೆಯುವ ಕ್ರಮ ಹೀಗಿದೆ. ಒಳಗಿನ ಸಣ್ಣ ಮುಚ್ಚಳವನ್ನು ಮತ್ತೆ ಹಾಕಲು ಹೋಗಬೇಡಿ, ಬೆರಳು ಮೊನೆಯ ಪಕ್ಕಕ್ಕೇ ಬರುತ್ತದೆ. ಹೊರ ಮುಚ್ಚಳವನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೈ ಹಚ್ಚದೆ, ಪೆನ್ ಹಿಡಿದ ಕೈಯಿಂದಲೇ ಸೂಜಿಯನ್ನು ಅದರೊಳಗೆ ತೂರಿಸಿ. ಕೂತ ಮೇಲೆ ಮುಚ್ಚಳ ಹಿಡಿದು ಎಡಕ್ಕೆ ತಿರುಗಿಸಿ ಬಿಚ್ಚಿ, ಡಬ್ಬಿಗೆ ಹಾಕಿ. ಸೂಜಿಯನ್ನು ಪೆನ್ನಿನಲ್ಲೇ ಬಿಟ್ಟರೆ ಗಾಳಿ ಒಳಹೋಗುತ್ತದೆ, ಔಷಧಿ ತೊಟ್ಟಿಕ್ಕುತ್ತದೆ, ಮುಂದಿನ ಡೋಸು ಕಡಿಮೆಯಾಗುತ್ತದೆ.

ಸೂಜಿ ಸೇರಿಕೊಂಡೇ ಬರುವ ಇನ್ಸುಲಿನ್ ಸಿರಿಂಜಿಗೆ ಮುಚ್ಚಳ ಹಾಕುವ ಕೆಲಸವೇ ಬೇಡ. ಇಂಜೆಕ್ಷನ್ ಮುಗಿದ ಕೂಡಲೇ ಸೂಜಿ ಕೆಳಮುಖವಾಗಿ ಇಡೀ ಸಿರಿಂಜ್ ಡಬ್ಬಿಗೆ. ದಿನಕ್ಕೆ ನಾಲ್ಕು ಬಾರಿ ತೆಗೆದುಕೊಳ್ಳುವವರಿಗೆ ತಿಂಗಳಿಗೆ 120 ಸೂಜಿ, ಲ್ಯಾನ್ಸೆಟ್ ಬೇರೆ. ಡಬ್ಬಿಯ ಅಳತೆಯನ್ನು ಈ ಲೆಕ್ಕದಲ್ಲಿ ಆರಿಸಿ.

ಒಣಕಸ_ಒಳಗಿಂದ

ವಿಂಗಡಣೆ ನಡೆಯುವ ಜಾಗದಿಂದ ಕೆಲವು ಮಾತು. ಸೂಚನೆ ಓದುವವರಿಗೆ ‘ಯಾಕೆ’ ಎನ್ನುವುದು ತಿಳಿದರೆ ಪಾಲಿಸುತ್ತಾರೆ.

ಮನೆಯಿಂದ ಹೊರಟ ಚೀಲ ಮೊದಲು ಆಟೋದಲ್ಲೋ ತಳ್ಳುಗಾಡಿಯಲ್ಲೋ ಕೈಯಿಂದಲೇ ಬಿಚ್ಚಲ್ಪಡುತ್ತದೆ. ನಂತರ ದೊಡ್ಡ ಲಾರಿಗೆ ಏರಿದರೆ ಕಾಂಪ್ಯಾಕ್ಟರ್ ಅದನ್ನು ಒತ್ತುತ್ತದೆ. ತೆಳು ಬಾಟಲಿಯಲ್ಲಿ ಹಾಕಿದ ಸೂಜಿ ಹೊರಬರುವುದು ಆ ಒತ್ತಡದಲ್ಲಿ. ಒಣ ಕಸ ಕೇಂದ್ರದಲ್ಲಿ ರಾಶಿಯನ್ನು ನೆಲಕ್ಕೋ ಬೆಲ್ಟಿಗೋ ಸುರಿದು ಕೈಯಿಂದ ಆಯುತ್ತಾರೆ. ಕೈಗವಸು ಕೊಳೆಯನ್ನು ತಡೆಯುತ್ತದೆ, ಸೂಜಿಯನ್ನು ತಡೆಯುವುದಿಲ್ಲ. 32 ಗೇಜ್ ಪೆನ್ ಸೂಜಿಯ ಹೊರವ್ಯಾಸ ಸುಮಾರು 0.23 ಮಿಲಿಮೀಟರ್. ರಬ್ಬರಿನ ಕೈಗವಸಿನಲ್ಲಿ ಅದು ತೂರಿದ್ದೇ ಗೊತ್ತಾಗದಿರಬಹುದು. ರಾಶಿಯಲ್ಲಿ ಸೂಜಿ ಕಂಡರೆ ಕೆಲಸ ನಿಲ್ಲಿಸಿ, ಆ ಭಾಗವನ್ನೆಲ್ಲ ಬದಿಗೆ ಹಾಕಬೇಕು, ಚೆನ್ನಾಗಿ ವಿಂಗಡಿಸಿ ಕೊಟ್ಟವರ ಕಸವೂ ಅದರ ಜೊತೆ ಹಾಳು.

ಸಿರಿಂಜಿನ ಕೊಳವೆಯನ್ನು ಪ್ಲಾಸ್ಟಿಕ್ ಎಂದು ಬೇರೆ ತೆಗೆದು ಒಣ ಕಸಕ್ಕೆ ಕೊಡುವುದೂ ಬೇಡ. ತೊಳೆದು ಮತ್ತೆ ಮಾರುಕಟ್ಟೆಗೆ ಬರುವ ದಾರಿ ಅದೇ. ಸಿರಿಂಜನ್ನು ವಿರೂಪಗೊಳಿಸಬೇಕು ಅಥವಾ ಸೂಜಿ ಕತ್ತರಿಸಬೇಕು ಎಂದು ಆಸ್ಪತ್ರೆಗಳಿಗೆ ನಿಯಮ ಹೇಳುವುದರ ಹಿಂದೆ ಇರುವುದೂ ಈ ಭಯವೇ.

ಗೇಟ್‌ನಂ3

ಹಾಗಾದರೆ ಮನೆಯಲ್ಲೂ ಸೂಜಿ ಕತ್ತರಿಸಿ ಹಾಕಿ ಎಂದು ಬರೆಯಬಹುದಲ್ಲ? ಬ್ಲೀಚ್ ಸುರಿದರೆ ಇನ್ನೂ ಭದ್ರ ಅನಿಸುತ್ತದೆ.

ಬಿಳಿಗೌನು

ಎರಡೂ ಬೇಡ. ಆಸ್ಪತ್ರೆಯ ಹಬ್ ಕಟರ್ ಬೇರೆ, ಮನೆಯ ಕತ್ತರಿ ಬೇರೆ. ಹಬ್ ಕಟರಿನಲ್ಲಿ ಕತ್ತರಿಸಿದ ತುಂಡು ಮುಚ್ಚಿದ ಡಬ್ಬಿಯೊಳಕ್ಕೇ ಬೀಳುತ್ತದೆ. ಕತ್ತರಿ, ಉಗುರು ಕಟರ್‌ನಲ್ಲಿ ಕತ್ತರಿಸಿದರೆ ಕೂದಲೆಳೆಯಂಥ ತುಂಡು ಚಿಮ್ಮಿ ಎಲ್ಲಿಗೆ ಹೋಯಿತೆಂದೇ ಕಾಣುವುದಿಲ್ಲ, ಕಣ್ಣಿಗೂ ಹಾರಬಹುದು. ಬಗ್ಗಿಸುವುದೂ ಹಾಗೇ, ಬೆರಳು ಮೊನೆಗೆ ಹತ್ತಿರವಾಗುತ್ತದೆ. ತುಂಡನ್ನು ಒಳಗೇ ಹಿಡಿದಿಡುವ ಮನೆಬಳಕೆಯ ಕ್ಲಿಪರ್ ಇದ್ದರೆ ಬಳಸಬಹುದು. ಆದರೆ ಅದು ಇನ್ಸುಲಿನ್ ಸಿರಿಂಜ್, ಪೆನ್ ಸೂಜಿಗೆಂದು ಮಾಡಿದ್ದು, ಲ್ಯಾನ್ಸೆಟ್ಟಿಗಲ್ಲ. ಉಳಿದ ಕೊಳವೆಯೂ ಡಬ್ಬಿಗೇ ಹೋಗಬೇಕು.

ಬ್ಲೀಚ್ ಸೂಜಿಯ ಸಣ್ಣ ಕೊಳವೆಯೊಳಗೆ ಸರಿಯಾಗಿ ಹೋಗುವುದಿಲ್ಲ. ಹೋಗುವುದು ಡಬ್ಬಿಯ ತಳಕ್ಕೆ. ಅಲ್ಲಿ ರಕ್ತ ಬೆರೆತ ದ್ರವವಾಗಿ ನಿಂತು, ಡಬ್ಬಿ ಬಿರುಕು ಬಿಟ್ಟ ದಿನ ಎತ್ತುವವರ ಮೈಮೇಲೆ ಸೋರುತ್ತದೆ. ಡಬ್ಬಿ ಒಣಗಿಯೇ ಇರಲಿ. ಕುದಿಸಿ ಹಾಕುವುದಕ್ಕೂ ಅರ್ಥವಿಲ್ಲ, ಕುದಿಸಿದ ಸೂಜಿಯೂ ಚುಚ್ಚುತ್ತದೆ, ಯಾರಿಗೆ ಚುಚ್ಚಿತೋ ಅವರಿಗೆ ಅದು ಕುದಿಸಿದ್ದು ಎಂದು ತಿಳಿಯುವುದಿಲ್ಲ.

ದೂರದೃಷ್ಟಿ

ಸಿಮೆಂಟ್ ಗಾರೆ ಸುರಿದು ಗಟ್ಟಿ ಮಾಡುವುದು ಹೇಗೆ? ನಿಯಮದಲ್ಲೇ ಇದೆ ಎಂದು ಕಡತಪಾಲ ಅವರು ಬರೆದಿದ್ದಾರೆ.

ಒಣಕಸ_ಒಳಗಿಂದ

ಅದು ಕ್ರಿಮಿಶುದ್ಧಿ ಆದ ಮೇಲಿನ ಹಂತ, ಸಂಸ್ಕರಣಾ ಘಟಕದ ಕೆಲಸ. ಮನೆಯಲ್ಲೇ ಸಿಮೆಂಟ್ ತುಂಬಿದ ಡಬ್ಬಿಯನ್ನು ಘಟಕಕ್ಕೆ ಕೊಟ್ಟರೆ ಪುಡಿ ಮಾಡುವ ಯಂತ್ರ ಅದನ್ನು ನುಂಗಲಾರದು. ಸಂಗ್ರಹ ವ್ಯವಸ್ಥೆ ಇದ್ದಲ್ಲಿ ಟೇಪ್ ಸುತ್ತಿದ ಒಣ ಡಬ್ಬಿಯೇ ಸರಿ.

ಕಡಲಾಚೆ

ಬೇರೆ ದೇಶಗಳ ನಿಯಮ ಹೋಲಿಸಿದರೆ ಒಂದು ವಿಷಯ ಹೊಳೆಯುತ್ತದೆ. ಸೂಜಿ ಎಲ್ಲ ಕಡೆ ಒಂದೇ, ನಿಯಮ ಬದಲಾಗುವುದು ಆ ಊರಿನ ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ, ಯಾರ ಕೈ ತಾಕುತ್ತದೆ ಎನ್ನುವುದರ ಮೇಲೆ.

ಜರ್ಮನಿಯಲ್ಲಿ ಚುಚ್ಚಿದರೂ ತೂತಾಗದ, ಗಟ್ಟಿಯಾಗಿ ಮುಚ್ಚಿದ ಡಬ್ಬಿಯಲ್ಲಿಟ್ಟ ಮನೆಯ ಸೂಜಿಯನ್ನು ಸಾಮಾನ್ಯವಾಗಿ ಉಳಿಕೆ ಕಸದ ತೊಟ್ಟಿಗೇ ಹಾಕಬಹುದು, ಏಕೆಂದರೆ ಆ ಕಸ ಬಹುಪಾಲು ದಹನ ಘಟಕಕ್ಕೆ ಹೋಗುತ್ತದೆ. ಅದನ್ನು ಓದಿಕೊಂಡು ‘ಮುಂದುವರಿದ ದೇಶದಲ್ಲೇ ಸಾಮಾನ್ಯ ಕಸಕ್ಕೆ ಹಾಕುತ್ತಾರೆ’ ಎಂದು ಕೈಯಿಂದ ವಿಂಗಡಿಸುವ ಊರಿನಲ್ಲಿ ವಾದಿಸಿದರೆ ಅನಾಹುತ.

ಅಮೆರಿಕದಲ್ಲಿ ಮನೆಯ ಸೂಜಿಗೆ ಇಡೀ ದೇಶಕ್ಕೆ ಒಂದೇ ಕಾನೂನು ಇಲ್ಲ, ರಾಜ್ಯ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ 2008ರ ಸೆಪ್ಟೆಂಬರ್ 1ರಿಂದ ಮನೆಯ ಸೂಜಿಯನ್ನು ಕಸಕ್ಕೂ ಮರುಬಳಕೆ ತೊಟ್ಟಿಗೂ ಹಾಕುವುದನ್ನು ನಿಷೇಧಿಸಿತು. ಮ್ಯಾಸಚೂಸೆಟ್ಸ್ 2012ರ ಜುಲೈ 1ರಿಂದ. ನ್ಯೂಯಾರ್ಕ್ ರಾಜ್ಯದಲ್ಲಿ ಆಸ್ಪತ್ರೆಗಳೂ ನರ್ಸಿಂಗ್ ಹೋಮ್‌ಗಳೂ ಮನೆಯ ಸೂಜಿ ಡಬ್ಬಿಯನ್ನು ಪಡೆಯಲೇಬೇಕು. ಇನ್ನು ಕೆಲವು ರಾಜ್ಯಗಳಲ್ಲಿ ಟೇಪ್ ಸುತ್ತಿದ ಡಬ್ಬಿ ಸಾಮಾನ್ಯ ಕಸಕ್ಕೆ ಹೋಗಬಹುದು. 2000ದಲ್ಲಿ ಬಂದ ಸೂಜಿ ಗಾಯ ಸುರಕ್ಷತಾ ಕಾಯ್ದೆಯನ್ನು ಕೆಲವರು ಇಲ್ಲಿ ಉಲ್ಲೇಖಿಸುತ್ತಾರೆ, ಅದು ಉದ್ಯೋಗದಾತರಿಗೆ ಸಂಬಂಧಿಸಿದ್ದು, ಮನೆಗಲ್ಲ.

ಇಂಗ್ಲೆಂಡಿನಲ್ಲಿ ಸೂಜಿ ಡಬ್ಬಿಯನ್ನೇ ವೈದ್ಯರ ಚೀಟಿಯಲ್ಲಿ ಬರೆಸಿಕೊಳ್ಳಬಹುದು, ತುಂಬಿದ್ದನ್ನು ಎತ್ತಲು ಸ್ಥಳೀಯ ಕೌನ್ಸಿಲ್‌ಗೆ ಕೇಳಬಹುದು. ಅಲ್ಲಿನ ಇನ್ನೊಂದು ಕ್ರಮ ನನಗೆ ಮುಖ್ಯವೆನಿಸುತ್ತದೆ. ನರ್ಸ್ ಮನೆಗೆ ಬಂದು ಇಂಜೆಕ್ಷನ್ ಕೊಟ್ಟರೆ ಆ ಸೂಜಿಯ ಹೊಣೆ ನರ್ಸಿನದು, ರೋಗಿಯದಲ್ಲ.

ಫ್ರಾನ್ಸ್ ಹಣದ ಪ್ರಶ್ನೆಯನ್ನೇ ಬಗೆಹರಿಸಿತು. ಉತ್ಪಾದಕರ ಹೊಣೆಯ ತತ್ತ್ವದಲ್ಲಿ ತಯಾರಕರೇ ಖರ್ಚು ಭರಿಸುತ್ತಾರೆ. ತಾವೇ ಇಂಜೆಕ್ಷನ್ ತೆಗೆದುಕೊಳ್ಳುವ ರೋಗಿಗೆ ಔಷಧಿ ಅಂಗಡಿಯಲ್ಲಿ ಡಬ್ಬಿ ಉಚಿತ, ತುಂಬಿದ ಮೇಲೆ ನಿಗದಿತ ಕೇಂದ್ರಕ್ಕೆ ಕೊಡುತ್ತಾರೆ. ಇದನ್ನು ನಡೆಸುವ ಸಂಸ್ಥೆ ದಸ್ತ್ರಿ. ಕ್ಯಾಲಿಫೋರ್ನಿಯಾ ಕೂಡ 2018ರ ಕಾನೂನಿನಿಂದ ಅದೇ ದಾರಿ ಹಿಡಿಯಿತು. ಸೂಜಿ ಮಾರುವ ಕೌಂಟರಿನಲ್ಲೇ ಡಬ್ಬಿಯೂ ಸಿಗಬೇಕು ಎನ್ನುವುದು ಸರಿಯಾದ ಯೋಚನೆ.

ಹೊಂಗೆಮರ

ಮನೆಗೆ ಬರುವ ನರ್ಸ್ ವಿಷಯ ಭಾರತದಲ್ಲಿ ಹೇಗೆ?

ಕಡತಪಾಲ

ಆಸ್ಪತ್ರೆ ಅಥವಾ ಪ್ರಯೋಗಾಲಯದವರು ಮನೆಗೆ ಬಂದು ರಕ್ತ ತೆಗೆದರೆ, ಇಂಜೆಕ್ಷನ್ ಕೊಟ್ಟರೆ, ಅವರ ಸಂಸ್ಥೆ ಈಗಾಗಲೇ ಸಂಸ್ಕರಣಾ ಘಟಕದ ಜೊತೆ ನಂಟು ಹೊಂದಿರಬೇಕಾದದ್ದು. ಬಳಸಿದ್ದನ್ನು ಅವರೇ ವಾಪಸು ಒಯ್ಯಲಿ ಎಂದು ಸೂಚನೆಯಲ್ಲಿ ಬರೆಯಿರಿ. ಚಿಕ್ಕ ಸೂಜಿ ಡಬ್ಬಿ ಅವರ ಚೀಲದಲ್ಲೇ ಇರಬೇಕು. ‘ನಿಮ್ಮ ಕಸದ ಬುಟ್ಟಿ ಎಲ್ಲಿ’ ಎಂದು ಕೇಳಿದರೆ ಕೊಡಬೇಡಿ.

ದಂಡದ ಬಗ್ಗೆಯೂ ಕೇಳುತ್ತಾರೆ. ಮನೆಯವರಿಗೆ ಸ್ಥಳದಲ್ಲೇ ಹಾಕುವ ದಂಡ ಆಯಾ ಸ್ಥಳೀಯ ಸಂಸ್ಥೆಯ ಉಪವಿಧಿಯಲ್ಲಿರುತ್ತದೆ, ಮೊತ್ತ ಅಲ್ಲಿಯೇ ನೋಡಿ ಬರೆಯಿರಿ. ಮೂಲ ಕಾಯ್ದೆಯ, ಅಂದರೆ ಪರಿಸರ ಸಂರಕ್ಷಣಾ ಕಾಯ್ದೆಯ, ಶಿಕ್ಷೆಯನ್ನು 2023ರ ಜನ ವಿಶ್ವಾಸ ಕಾಯ್ದೆ ಬದಲಿಸಿದೆ. ಜೈಲಿನ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ. ಹಳೆಯ ‘ಐದು ವರ್ಷ ಜೈಲು’ ಎನ್ನುವ ಸಾಲನ್ನು ಫಲಕದಲ್ಲಿ ಹಾಕಿ ಜನರನ್ನು ಹೆದರಿಸಬೇಡಿ, ಹೆದರಿದವರು ಸೂಜಿಯನ್ನು ಶೌಚಾಲಯಕ್ಕೆ ಹಾಕುತ್ತಾರೆ. ಅಲ್ಲಿ ಪೈಪು ಕಟ್ಟಿದಾಗ ಕೈ ಹಾಕುವವರು ಮತ್ತೊಬ್ಬ ಕಾರ್ಮಿಕರು.

ಗೇಟ್‌ನಂ3

ಕಸ ಎತ್ತುವವರಿಗೆ ಚುಚ್ಚಿಯೇಬಿಟ್ಟರೆ ಏನು ಮಾಡಬೇಕು? ಅದನ್ನೂ ಸೂಚನೆಗೆ ಸೇರಿಸಬೇಕು.

ಬಿಳಿಗೌನು

ಖಂಡಿತ ಸೇರಿಸಿ. ಕೂಡಲೇ ಹರಿಯುವ ನೀರು, ಸೋಪಿನಿಂದ ತೊಳೆಯಬೇಕು. ಹಿಂಡಬಾರದು, ಬಾಯಲ್ಲಿ ಹೀರಬಾರದು, ಬ್ಲೀಚ್ ಹಚ್ಚಬಾರದು. ಆಮೇಲೆ ತಡಮಾಡದೆ ಆಸ್ಪತ್ರೆ. ಎಚ್‌ಐವಿ ತಡೆಯುವ ಔಷಧಿ ಬೇಕೆಂದು ವೈದ್ಯರು ತೀರ್ಮಾನಿಸಿದರೆ ಅದನ್ನು ಮೊದಲ ಕೆಲವು ಗಂಟೆಗಳಲ್ಲೇ ಶುರು ಮಾಡುವುದು ಒಳ್ಳೆಯದು, 72 ಗಂಟೆ ದಾಟುವಂತಿಲ್ಲ. 28 ದಿನ ಪೂರ್ತಿ ತೆಗೆದುಕೊಳ್ಳಬೇಕು.

ಎಲ್ಲರೂ ಎಚ್‌ಐವಿಗೆ ಹೆದರುತ್ತಾರೆ. ಆರೋಗ್ಯ ಕಾರ್ಯಕರ್ತರಿಗೆ ಸೋಂಕಿತರ ಸೂಜಿ ಚುಚ್ಚಿದಾಗಿನ ಅಂದಾಜು ನೋಡಿದರೆ ಎಚ್‌ಐವಿಗೆ ಸುಮಾರು 0.3%, ಹೆಪಟೈಟಿಸ್ ಸಿಗೆ ಸುಮಾರು 1.8%, ಲಸಿಕೆ ಹಾಕಿಸಿಕೊಳ್ಳದವರಲ್ಲಿ ಹೆಪಟೈಟಿಸ್ ಬಿಗೆ 30%ರವರೆಗೆ. ಕಸದಲ್ಲಿ ಒಣಗಿದ ಸೂಜಿಯಿಂದ ಅಪಾಯ ಇದಕ್ಕಿಂತ ಕಡಿಮೆ. ಆದರೂ ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಕನಿಷ್ಠ 7 ದಿನ ಬದುಕಬಲ್ಲದು. ತಡೆಯಲು ಲಸಿಕೆ ಇರುವುದೂ ಇದಕ್ಕೇ: 0, 1, 6ನೇ ತಿಂಗಳು, ಮೂರು ಡೋಸು. ನಿಮ್ಮ ಕಟ್ಟಡದ ಕಸ ಎತ್ತುವವರಿಗೆ ಮೂರೂ ಆಗಿದೆಯೇ ಎಂದು ಸಂಘ ವಿಚಾರಿಸಿ, ಆಗಿಲ್ಲದಿದ್ದರೆ ಹಾಕಿಸಬೇಕು. ಸೂಚನಾಫಲಕಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು.

ದೂರದೃಷ್ಟಿ

ಬಿಟ್ಟುಹೋದ ಕೆಲವು ವಸ್ತುಗಳು: ಸ್ಪ್ರಿಂಗ್ ಒತ್ತಿದರೆ ತಾನೇ ಚುಚ್ಚುವ ಆಟೋ ಇಂಜೆಕ್ಟರನ್ನು ಬಿಚ್ಚದೆ ಇಡಿಯಾಗಿ ಹಾಕಬೇಕು, ಅದಕ್ಕೆ ಅಗಲ ಬಾಯಿಯ ಡಬ್ಬಿ ಬೇಕು. ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರಿನ ಅಂಟಿಸುವ ಉಪಕರಣದೊಳಗೆ ಸೂಜಿ ಇರುತ್ತದೆ, ಹೊರಗೆ ಕಾಣದಿದ್ದರೂ ಅದೂ ಸೂಜಿಯ ಲೆಕ್ಕಕ್ಕೇ. ಸಾಕುಪ್ರಾಣಿಗೆ ಮನೆಯಲ್ಲಿ ಕೊಡುವ ಇಂಜೆಕ್ಷನ್ ಸೂಜಿಯೂ ಅಷ್ಟೇ.

ಹೊಂಗೆಮರ

ಎಲ್ಲರಿಗೂ ವಂದನೆ. ಕೊನೆಯ ತೊಡಕು: ನಮ್ಮ ಕಡೆ ಇದನ್ನು ಬೇರೆಯಾಗಿ ಎತ್ತುವ ಗಾಡಿ ಬರುವುದೇ ಇಲ್ಲ. ಡಬ್ಬಿ ತುಂಬಿದ ಮೇಲೆ?

ಕಡತಪಾಲ

ಬರುವುದಿಲ್ಲ ಎಂದು ಬಿಟ್ಟುಬಿಡಬೇಡಿ, ಬರಹದಲ್ಲಿ ಕೇಳಿ. ಪಾಲಿಕೆ ಅಥವಾ ನಗರಸಭೆಯ ಆರೋಗ್ಯ ವಿಭಾಗಕ್ಕೆ ಸಂಘದ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟು, ಮೂರೇ ಪ್ರಶ್ನೆ ಹಾಕಿ: 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಮನೆಗಳ ತ್ಯಾಜ್ಯಕ್ಕಾಗಿ ಯಾವ ಸಂಸ್ಕರಣಾ ಘಟಕದ ಜೊತೆ ಒಪ್ಪಂದ ಆಗಿದೆ, ನಮ್ಮ ವಾರ್ಡಿನಲ್ಲಿ ಯಾವ ದಿನ ಎತ್ತುತ್ತಾರೆ, ಹತ್ತಿರದ ನಿಗದಿತ ಕೇಂದ್ರದ ವಿಳಾಸ ಮತ್ತು ವೇಳೆ ಏನು. ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕಳಿಸಿ, ಎರಡೂ ಕಡೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದೇ ಮೂರು ಪ್ರಶ್ನೆಯನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು.

ಅಲ್ಲಿಯವರೆಗೆ, ಇಂಜೆಕ್ಷನ್ ಬರೆದುಕೊಡುವ ಕ್ಲಿನಿಕ್ಕನ್ನು ಕೇಳಿ. ಅವರ ಸೂಜಿ ಡಬ್ಬಿಗಳನ್ನು ಎತ್ತುವ ಗಾಡಿ ಹೇಗೂ ಬರುತ್ತದೆ, ಟೇಪ್ ಸುತ್ತಿದ ಡಬ್ಬಿಯನ್ನು ಪಡೆಯಲು ಒಪ್ಪುವವರು ಸಿಗಬಹುದು. ಒಪ್ಪದಿದ್ದರೆ ಹತ್ತು ಮನೆಯ ಡಬ್ಬಿಗಳನ್ನು ಒಂದು ಬೀಗದ ಪೆಟ್ಟಿಗೆಯಲ್ಲಿಟ್ಟು, ಸಂಘದ ಮೂಲಕವೇ ಸಂಸ್ಕರಣಾ ಘಟಕಕ್ಕೆ ಕೊಡಲು ಮಾತಾಡಿ. ಮನೆಗೊಂದು ಡಬ್ಬಿಗೆ ಗಾಡಿ ಬರಲಾರದು, ಒಂದೇ ಕಡೆ ಹತ್ತಿದ್ದರೆ ಬರುತ್ತದೆ.

ಬಿಳಿಗೌನು

ಆ ಪೆಟ್ಟಿಗೆಗೆ ಬಿಡಿ ಸೂಜಿ ಹಾಕಲು ಬಾರದಂತೆ ಮಾಡಿ, ಟೇಪ್ ಸುತ್ತಿ ಮುಚ್ಚಿದ ಡಬ್ಬಿ ಮಾತ್ರ. ಖಾಲಿಯಾದ ಅಥವಾ ಅವಧಿ ಮೀರಿದ ಇನ್ಸುಲಿನ್ ಸೀಸೆ, ಕಾರ್ಟ್ರಿಜ್, ಸೂಜಿ ತೆಗೆದ ಪೆನ್ ಇದರೊಳಗೆ ಬೇಡ. ಅವು ಔಷಧಿ ಕಸ, ಬೇರೆ ಚೀಲಕ್ಕೆ. ಒಡೆದ ಕಾರ್ಟ್ರಿಜ್ ಮಾತ್ರ ಗಾಜಿನ ಚೂರಾದ್ದರಿಂದ ಸೂಜಿ ಡಬ್ಬಿಗೆ ಹೋಗಲಿ.